ಟಿಕೆಟ್ಟುಂಟು, ಆಸನವಿಲ್ಲ

ಮದುವೆಮನೆಯಲ್ಲಿ ಎಲೆ ಹಾಕಿಸುವ ಅನುಭವಸ್ಥರಿಗೆ ಗೊತ್ತು: ಕರೆದವರೆಲ್ಲ ಊಟಕ್ಕೆ ಬರುವುದಿಲ್ಲ. ವಿಮಾನ ಕಂಪೆನಿಗಳ ಲೆಕ್ಕಾಚಾರವೂ ಇದೇ. ಅಮೆರಿಕದ ನಾಗರಿಕ ವಿಮಾನಯಾನ ಮಂಡಳಿ 1961ರಲ್ಲಿ ಪರಿಶೀಲಿಸಿದಾಗ, ದೊಡ್ಡ ಕಂಪೆನಿಗಳಲ್ಲಿ ಸ್ಥಳ ಕಾದಿರಿಸಿದ ಹತ್ತು ಮಂದಿಯಲ್ಲಿ ಒಬ್ಬ ಬರುತ್ತಲೇ ಇರಲಿಲ್ಲ. ಹಾರಿಹೋದ ವಿಮಾನದ ಖಾಲಿ ಆಸನವನ್ನು ಮರುದಿನ ಮಾರಲಾಗದು. ಆದ್ದರಿಂದ ಇರುವ ಆಸನಕ್ಕಿಂತ ಹೆಚ್ಚು ಟಿಕೆಟ್ಟು ಮಾರುವ ಪದ್ಧತಿ ಬೆಳೆಯಿತು.

ಎಲ್ಲರೂ ಬಂದುಬಿಟ್ಟ ದಿನ ಮಾತ್ರ ಫಜೀತಿ. ಮೇಲಿನ ದರ್ಜೆಯಲ್ಲಿ ಜಾಗವಿದ್ದರೆ ಕೆಲವರಿಗೆ ಅಲ್ಲಿಗೆ ಬಡ್ತಿ ಸಿಗುವುದುಂಟು. ಅದು ಹೆಚ್ಚಾಗಿ ಕಂಪೆನಿಯ ಖಾಯಂ ಗಿರಾಕಿಗಳ ಭಾಗ್ಯ. (ಒಳ್ಳೆಯ ಕೋಟು ತೊಟ್ಟು ಹೋದರೆ ನಮಗೂ ಸಿಕ್ಕೀತೆಂದು ಆಸೆಪಡುವವರನ್ನು ನಾನೇಕೆ ನಿರಾಶೆಗೊಳಿಸಲಿ!) ಅಲ್ಲಿಯೂ ಜಾಗವಿಲ್ಲದಿದ್ದರೆ ಯಾರಾದರೂ ಉಳಿಯಲೇಬೇಕು. ಯಾರು?

ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲೇ ಉತ್ತರ ಬರೆದಿದ್ದರು. ಪ್ರತಿಯೊಬ್ಬ ಪ್ರಯಾಣಿಕನೂ ಎಷ್ಟು ಹಣ ಕೊಟ್ಟರೆ ಮುಂದಿನ ವಿಮಾನಕ್ಕೆ ಕಾಯುವೆನೆಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಕೊಡಲಿ. ಕಡಿಮೆ ಕೇಳಿದವನಿಗೆ ಹಣ ಕೊಟ್ಟು ಉಳಿಸಿಕೊಳ್ಳಲಿ ಎಂಬುದು ಅವರ ಸಲಹೆ. ಕಂಪೆನಿಗಳು ಅದನ್ನು ಹುಡುಗಾಟವೆಂದು ತಳ್ಳಿಹಾಕಿದವು.

ಅಷ್ಟರಲ್ಲಿ ಅವರು ತಡೆಯಬಾರದವನನ್ನೇ ತಡೆದರು. 1972ರ ಏಪ್ರಿಲ್ 28ರಂದು, ಮೋಟಾರು ಕಂಪೆನಿಗಳನ್ನೇ ನಡುಗಿಸಿದ್ದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಹಾರ್ಟ್‌ಫರ್ಡಿನ ಸಭೆಗೆ ಹೊರಟು ವಾಷಿಂಗ್ಟನ್ನಿನ ನಿಲ್ದಾಣಕ್ಕೆ ಬಂದರು. ಅಲೆಘೆನಿ ಕಂಪೆನಿಯ ಆ ವಿಮಾನದಲ್ಲಿ ಆಸನ 100, ಖಚಿತಪಡಿಸಿದ್ದ ಟಿಕೆಟ್ಟು 107. ನೇಡರ್ ಹೊರಗುಳಿದರು; ದಾವೆ ಹೂಡಿದರು. ಹೆಚ್ಚು ಟಿಕೆಟ್ಟು ಮಾರುವುದು ತಪ್ಪೆಂಬುದಕ್ಕಿಂತ, ಆ ಸಂಗತಿಯನ್ನು ಪ್ರಯಾಣಿಕನಿಂದ ಮುಚ್ಚಿಟ್ಟದ್ದು ವಂಚನೆಯೆಂಬುದು ಅವರ ವಾದದ ತಿರುಳು. ಇಂಥ ವಂಚನೆಯ ದಾವೆಯನ್ನು ವಿಮಾನಯಾನ ಮಂಡಳಿಯ ಅಪ್ಪಣೆಗೆ ಕಾಯದೆ ನ್ಯಾಯಾಲಯಗಳು ವಿಚಾರಿಸಬಹುದೆಂದು 1976ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಮಂಡಳಿಯ ಅಧ್ಯಕ್ಷಪೀಠಕ್ಕೆ ಆಲ್‌ಫ್ರೆಡ್ ಕಾನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಬಂದ ಮೇಲೆ, ಸೈಮನ್ನರ ಲಕೋಟೆ ಬಾರದಿದ್ದರೂ ಅದರ ಜೀವಾಳ ಕಾನೂನಾಯಿತು. 1978ರ ನಿಯಮದಂತೆ, ಮೊದಲು ಪರಿಹಾರ ಕೊಡುವೆವೆಂದು ಹೇಳಿ ಉಳಿಯಲೊಪ್ಪುವವರನ್ನು ಕೇಳಬೇಕು, ಬಲವಂತ ಆಮೇಲೆ. ನಮ್ಮ ದೇಶದಲ್ಲಿ ಇಂಥ ನಿಯಮ ಬರಲು 2010ರವರೆಗೆ ಕಾಯಬೇಕಾಯಿತು. ಬದಲಿ ವಿಮಾನ 24 ಗಂಟೆಗೂ ತಡವಾದರೆ ಪರಿಹಾರ 20,000 ರೂಪಾಯಿಯವರೆಗೂ ಹೋಗಬಹುದೆಂದು 2016ರ ತಿದ್ದುಪಡಿ ನಿಗದಿಮಾಡಿತು.

2017ರ ಏಪ್ರಿಲ್ 9ರಂದು ಷಿಕಾಗೋದಲ್ಲಿ ಈ ಪಾಠ ಮರೆತಂತಾಯಿತು. ಯುನೈಟೆಡ್ ಕಂಪೆನಿಯ ಹೆಸರಿನಲ್ಲಿ ಹಾರುತ್ತಿದ್ದ ವಿಮಾನವೊಂದರಲ್ಲಿ ಪ್ರಯಾಣಿಕರು ಆಗಲೇ ಕುಳಿತಿದ್ದರು. ಕಂಪೆನಿಯ ಸಿಬ್ಬಂದಿಗೇ ನಾಲ್ಕು ಆಸನ ಬೇಕಾಯಿತು. 800 ಡಾಲರಿಗೆ ಯಾರೂ ಏಳಲಿಲ್ಲ. ಬೆಲೆ ಏರಿಸುವ ಬದಲು ನಾಲ್ವರನ್ನು ಆರಿಸಿ ಇಳಿಯಿರೆಂದರು. ರೋಗಿಗಳನ್ನು ನೋಡಬೇಕಾಗಿದೆಯೆಂದು ಒಪ್ಪದ ವೃದ್ಧ ವೈದ್ಯರೊಬ್ಬರನ್ನು ನಿಲ್ದಾಣದ ಕಾವಲಿನವರು ರಕ್ತ ಸುರಿಯುತ್ತಿದ್ದಂತೆ ಎಳೆದೊಯ್ದರು. ಸಹಪ್ರಯಾಣಿಕರು ತೆಗೆದ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಅದೇ ತಿಂಗಳು, ಹೀಗೆ ಒಪ್ಪಿ ಇಳಿಯುವವರಿಗೆ 10,000 ಡಾಲರಿನವರೆಗೆ ಕೊಡುವುದಾಗಿ ಕಂಪೆನಿ ಸಾರಿತು.