ಪಾಳಿ ಹಸ್ತಾಂತರ

ಪಾಳಿ ಹಸ್ತಾಂತರ ಎಂದರೆ ಒಂದು ಪಾಳಿಯ ಕೆಲಸಗಾರರು ತಮ್ಮ ಅವಧಿ ಮುಗಿದಾಗ ಯಂತ್ರಗಳ ಸ್ಥಿತಿ, ಅರ್ಧಕ್ಕೆ ನಿಂತ ಕೆಲಸ ಮತ್ತು ಅಪಾಯದ ಸೂಚನೆಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವ ಕ್ರಮ. ವಿಮಾನ ನಿರ್ವಹಣೆ, ತೈಲ ಮತ್ತು ಅನಿಲ ಘಟಕಗಳು, ರೈಲ್ವೆ, ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆ ಮುಂತಾದ ಹಗಲಿರುಳು ನಡೆಯುವ ಕೆಲಸಗಳಲ್ಲಿ ಇದು ದಿನನಿತ್ಯದ ಭಾಗ. ಕರ್ನಾಟಕದಲ್ಲಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಸಿಮೆಂಟ್ ಉದ್ಯಮ ಹಾಗೂ ರೈಲ್ವೆ ಈ ಬಗೆಯ ಕೆಲಸಕ್ಕೆ ಉದಾಹರಣೆಗಳು. ಒತ್ತಡದ ಸಮಯದಲ್ಲಿ ಹಸ್ತಾಂತರ ಮೊಟಕಾಗುವುದು ಹಲವು ದೊಡ್ಡ ಅಪಘಾತಗಳಿಗೆ ಕಾರಣವಾಗಿದೆ.

ಸ್ವರೂಪ

ನಿರಂತರ ಉತ್ಪಾದನೆಯ ಘಟಕಗಳಲ್ಲಿ ದಿನವನ್ನು ಸಾಮಾನ್ಯವಾಗಿ ಎಂಟು ಗಂಟೆಗಳ ಮೂರು ಪಾಳಿಗಳಾಗಿ ವಿಂಗಡಿಸಲಾಗುತ್ತದೆ. ಯಂತ್ರ ಎಂದಿನಂತೆ ನಡೆಯುತ್ತಿದ್ದರೆ ಹಸ್ತಾಂತರ ಸರಳ. ದುರಸ್ತಿ ನಡುವೆ ಪಾಳಿ ಬದಲಾದಾಗ ಮಾತ್ರ ಅದು ಕಠಿಣವಾಗುತ್ತದೆ. ಬಿಚ್ಚಿಟ್ಟ ತಿರುಪು, ತೆಗೆದ ಕವಾಟ, ತಾತ್ಕಾಲಿಕವಾಗಿ ಹಾಕಿದ ಮುಚ್ಚಳ, ಬೇರ್ಪಡಿಸಿದ ತಂತಿ ಇವೆಲ್ಲ ಕೆಲಸ ಮಾಡಿದವನ ನೆನಪಿನಲ್ಲಿ ಇರುತ್ತವೆ. ಹೊರಗಿನಿಂದ ನೋಡಿದವನಿಗೆ ಕಾಣದೆಯೂ ಹೋಗಬಹುದು. ಆ ನೆನಪು ಬರವಣಿಗೆಗೆ ಮತ್ತು ಮಾತಿಗೆ ಬಾರದಿದ್ದರೆ, ಕೆಲಸಗಾರ ಮನೆಗೆ ಹೋಗುವಾಗ ಮಾಹಿತಿಯೂ ಅವನೊಡನೆ ಹೊರಟುಹೋಗುತ್ತದೆ.

ಮಾಹಿತಿ ಕಳೆದುಹೋಗುವ ಕಾರಣಗಳು

ಕೆನಡಾದ ಸಾರಿಗೆ ಇಲಾಖೆಯಲ್ಲಿದ್ದ ಗಾರ್ಡನ್ ಡುಪಾಂಟ್ 1993ರಲ್ಲಿ ವಿಮಾನ ನಿರ್ವಹಣೆಯ ತಪ್ಪುಗಳಿಗೆ ದಾರಿಯಾಗುವ ಹನ್ನೆರಡು ಮಾನವ ಅಂಶಗಳನ್ನು ಪಟ್ಟಿ ಮಾಡಿದರು. 'ಡರ್ಟಿ ಡಜನ್' ಎಂದು ಹೆಸರಾದ ಈ ಪಟ್ಟಿಯಲ್ಲಿ ಸಂವಹನದ ಕೊರತೆ, ಒತ್ತಡ, ದಣಿವು, ಗಮನ ಬೇರೆಡೆ ಸರಿಯುವುದು, ಧೈರ್ಯವಾಗಿ ಮಾತನಾಡದಿರುವುದು ಮತ್ತು ರೂಢಿಗೆ ಬಿದ್ದ ಅಡ್ಡದಾರಿಗಳು ಸೇರಿವೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಕೂಡುತ್ತವೆ.

ಹೋಗುವವನು ದಣಿದಿರುತ್ತಾನೆ, ಬಸ್ಸಿನ ಸಮಯ ನೋಡುತ್ತಿರುತ್ತಾನೆ. ಬರುವವನಿಗೆ ಕೆಲಸದ ಹಿನ್ನೆಲೆ ತಿಳಿದಿರುವುದಿಲ್ಲ. ಯಂತ್ರ ನಿಂತಿದ್ದರೆ ಅದು ಯಾವಾಗ ಶುರುವಾಗುತ್ತದೆ ಎಂದು ಮೇಲಿನವರು ಕೇಳುತ್ತಿರುತ್ತಾರೆ. ಇಂತಹ ಹೊತ್ತಿನಲ್ಲಿ ಮೊದಲು ಕಡಿತಗೊಳ್ಳುವುದು ಹಸ್ತಾಂತರದ ಸಮಯವೇ, ಏಕೆಂದರೆ ಅದು ಉತ್ಪಾದನೆಯ ಲೆಕ್ಕದಲ್ಲಿ ಕಾಣುವುದಿಲ್ಲ. 'ಕೆಲಸ ಮುಗಿಯುತ್ತಾ ಬಂದಿದೆ' ಎಂಬಂತಹ ಮಾತು ಇಬ್ಬರಿಗೆ ಎರಡು ಅರ್ಥ ಕೊಡುತ್ತದೆ: ಹೇಳಿದವನಿಗೆ ಇನ್ನೂ ಬಿಗಿಯಬೇಕಾದ ತಿರುಪುಗಳಿವೆ ಎಂದು, ಕೇಳಿದವನಿಗೆ ಪರೀಕ್ಷಿಸಿ ಚಾಲೂ ಮಾಡಬಹುದು ಎಂದು.

ಪ್ರಮುಖ ಅಪಘಾತಗಳು

ಪೈಪರ್ ಆಲ್ಫಾ (1988): ಉತ್ತರ ಸಮುದ್ರದ ಈ ತೈಲ ವೇದಿಕೆಯಲ್ಲಿ ಜುಲೈ 6ರಂದು ಒಂದು ಪಂಪಿನ ಒತ್ತಡ ಸುರಕ್ಷತಾ ಕವಾಟವನ್ನು ತೆಗೆದು, ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಲಾಗಿತ್ತು. ಈ ವಿಷಯ ರಾತ್ರಿ ಪಾಳಿಗೆ ತಲುಪಲಿಲ್ಲ. ಇನ್ನೊಂದು ಪಂಪು ನಿಂತಾಗ ರಾತ್ರಿ ಪಾಳಿಯವರು ಮೊದಲ ಪಂಪನ್ನು ಚಾಲೂ ಮಾಡಿದರು. ಸೋರಿದ ಅನಿಲ ಸ್ಫೋಟಗೊಂಡು 167 ಜನ ಮೃತಪಟ್ಟರು. ಲಾರ್ಡ್ ಕಲನ್ ನೇತೃತ್ವದ ತನಿಖೆ 106 ಶಿಫಾರಸುಗಳನ್ನು ನೀಡಿತು.

ಕ್ಲಾಫಮ್ ಜಂಕ್ಷನ್ (1988): ಲಂಡನ್ನಿನಲ್ಲಿ ಡಿಸೆಂಬರ್ 12ರಂದು ರೈಲುಗಳು ಡಿಕ್ಕಿಯಾಗಿ 35 ಜನ ಮೃತಪಟ್ಟರು. ಸಿಗ್ನಲ್ ಬದಲಾಯಿಸುವ ಕೆಲಸದಲ್ಲಿ ಹಳೆಯ ತಂತಿಯೊಂದನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದರಿಂದ ಸಿಗ್ನಲ್ ತಪ್ಪು ಸೂಚನೆ ಕೊಟ್ಟಿತ್ತು. ಆ ಕೆಲಸ ಮಾಡಿದ ತಂತ್ರಜ್ಞ ಹಿಂದಿನ 13 ವಾರಗಳಲ್ಲಿ ಒಂದೇ ದಿನ ರಜೆ ಪಡೆದಿದ್ದ ಸಂಗತಿ ತನಿಖೆಯಲ್ಲಿ ಹೊರಬಂದಿತು. ಅವನ ಕೆಲಸವನ್ನು ಇನ್ನೊಬ್ಬರು ಸ್ವತಂತ್ರವಾಗಿ ಪರೀಕ್ಷಿಸಿರಲಿಲ್ಲ.

ಕಾಂಟಿನೆಂಟಲ್ ಎಕ್ಸ್‌ಪ್ರೆಸ್ ವಿಮಾನ 2574 (1991): ವಿಮಾನ ನಿರ್ವಹಣೆಯ ಪಾಠಗಳಲ್ಲಿ ಹೆಚ್ಚು ಉಲ್ಲೇಖವಾಗುವ ಪ್ರಕರಣ ಇದು. ಹೂಸ್ಟನ್‌ನ ಹ್ಯಾಂಗರಿನಲ್ಲಿ ಹಿಂದಿನ ರಾತ್ರಿ ಬಾಲದ ಅಡ್ಡರೆಕ್ಕೆಯ ಮುಂಚೂಣಿಯಲ್ಲಿರುವ ಹಿಮನಿವಾರಕ ಹೊದಿಕೆ ಬದಲಾಯಿಸುವ ಕೆಲಸ ನಡೆದಿತ್ತು. ಒಂದು ಪಾಳಿಯವರು ಎಡಬದಿಯ ಮೇಲ್ಭಾಗದ ತಿರುಪುಗಳನ್ನು ಬಿಚ್ಚಿದರು, ಬಳಿಕ ಆ ರಾತ್ರಿ ಬಲಬದಿಯ ಕೆಲಸ ಮಾತ್ರ ಮುಗಿಸುವುದೆಂದು ತೀರ್ಮಾನವಾಯಿತು. ಎಡಬದಿಯ ಸಂಗತಿ ಕೆಲಸದ ದಾಖಲೆಗೆ ಏರಲಿಲ್ಲ, ಮುಂದಿನ ಪಾಳಿಗೆ ತಿಳಿಯಲೂ ಇಲ್ಲ. ಸೆಪ್ಟೆಂಬರ್ 11ರಂದು 47 ತಿರುಪುಗಳಿಲ್ಲದ ಮುಂಚೂಣಿ ಭಾಗ ಹಾರಾಟದಲ್ಲಿ ಕಳಚಿ, ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ವಿಮಾನ ಪತನಗೊಂಡಿತು. ಅದರಲ್ಲಿದ್ದ 14 ಜನರೂ ಮೃತಪಟ್ಟರು. ತನಿಖಾ ಮಂಡಳಿಯ ಸದಸ್ಯ ಜಾನ್ ಲಾಬರ್ ಪ್ರತ್ಯೇಕ ಅಭಿಪ್ರಾಯ ಬರೆದು, ಸುರಕ್ಷತೆಯ ಸಂಸ್ಕೃತಿಯನ್ನು ಬೆಳೆಸದ ಆಡಳಿತದ ಹೊಣೆಯನ್ನೂ ಕಾರಣಗಳಲ್ಲಿ ಸೇರಿಸಬೇಕೆಂದರು.

ಬಹಾನಗಾ ಬಜಾರ್ (2023): ಒಡಿಶಾದ ಬಾಲೇಶ್ವರ ಜಿಲ್ಲೆಯಲ್ಲಿ ಜೂನ್ 2ರಂದು ಕೋರಮಂಡಲ್ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ತಿರುಗಿ, ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯಿತು, 290ಕ್ಕೂ ಹೆಚ್ಚು ಜನ ಮೃತಪಟ್ಟರು. ಅದೇ ದಿನ ಹತ್ತಿರದ ಲೆವೆಲ್ ಕ್ರಾಸಿಂಗ್‌ನ ವಿದ್ಯುತ್ ಗೇಟಿಗೆ ಸಂಬಂಧಿಸಿದ ಕೆಲಸ ನಡೆದಿತ್ತು. ತಂತಿಗಳ ಮೇಲಿನ ತಪ್ಪು ಗುರುತುಚೀಟಿಗಳು ವರ್ಷಗಟ್ಟಲೆ ಸರಿಯಾಗದೆ ಉಳಿದು ನಿರ್ವಹಣೆಯ ವೇಳೆ ಗೊಂದಲಕ್ಕೆ ಕಾರಣವಾದವು ಎಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ತಿಳಿಸಿತು. ಇಲ್ಲಿ ಮಾಹಿತಿ ಕೆಟ್ಟದ್ದು ಎರಡು ಪಾಳಿಗಳ ನಡುವೆ ಅಲ್ಲ, ವರ್ಷಗಳ ಅಂತರದ ಎರಡು ತಂಡಗಳ ನಡುವೆ.

ಕಲಬುರಗಿ ಜಿಲ್ಲೆಯಲ್ಲಿ

ಸಿಮೆಂಟ್ ಉದ್ಯಮ: ಭೀಮಾ ಶಿಲಾಸಮೂಹದ ಸುಣ್ಣದಕಲ್ಲು ಈ ಭಾಗದ ಉದ್ಯಮದ ಬುನಾದಿ; ನೆಲಹಾಸಿಗೆ ಬಳಸುವ ಶಹಾಬಾದ್ ಕಲ್ಲು ಇದರ ಪ್ರಸಿದ್ಧ ರೂಪ. ವಾಡಿ, ಸೇಡಂ, ಸೇಡಂ ತಾಲ್ಲೂಕಿನ ಮಳಖೇಡ ಮತ್ತು ಕೋಡ್ಲಾ, ಚಿತ್ತಾಪುರ ತಾಲ್ಲೂಕಿನ ಇಟಗಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲ ಮುಂತಾದೆಡೆ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ.

ಸಿಮೆಂಟ್ ತಯಾರಿಕೆಯ ಹೃದಯ ಕಿಲ್ನ್, ಅಂದರೆ ನಿಧಾನವಾಗಿ ತಿರುಗುವ ಉದ್ದನೆಯ ಸುಡುಗೂಡು. ಅದರೊಳಗೆ ಕಚ್ಚಾವಸ್ತು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಕಿಲ್ನನ್ನು ಪದೇ ಪದೇ ತಣಿಸಿ ಕಾಯಿಸಿದರೆ ಒಳಗಿನ ಅಗ್ನಿನಿರೋಧಕ ಇಟ್ಟಿಗೆಗಳು ಹಾಳಾಗುತ್ತವೆ, ಇಂಧನವೂ ವ್ಯರ್ಥವಾಗುತ್ತದೆ. ಹಾಗಾಗಿ ಅದನ್ನು ಹಗಲಿರುಳು ನಡೆಸಲಾಗುತ್ತದೆ. ದೊಡ್ಡ ದುರಸ್ತಿಗಳನ್ನೆಲ್ಲ ಶಟ್‌ಡೌನ್ ಎಂಬ ನಿಗದಿತ ದಿನಗಳಲ್ಲಿ ಮುಗಿಸಬೇಕಾಗುತ್ತದೆ. ಕಾಯಂ ನೌಕರರು, ಗುತ್ತಿಗೆ ಕಾರ್ಮಿಕರು ಮತ್ತು ಹೊರಗಿನ ತಂತ್ರಜ್ಞರು ಆ ದಿನಗಳಲ್ಲಿ ಒಂದೇ ಜಾಗದಲ್ಲಿ ದುಡಿಯುತ್ತಾರೆ. ಗಿರಣಿಯ ಒಳಗೆ ಯಾರಿದ್ದಾರೆ, ಯಾವ ಮೋಟಾರಿನ ವಿದ್ಯುತ್ ಕಡಿತಗೊಂಡಿದೆ, ಯಾವ ಪರ್ಮಿಟ್ ಇನ್ನೂ ಮುಚ್ಚಿಲ್ಲ ಎಂಬುದು ಪಾಳಿಯಿಂದ ಪಾಳಿಗೆ ಸ್ಪಷ್ಟವಾಗಿ ತಲುಪಬೇಕಾದದ್ದು ಆಗಲೇ. ಕಿಲ್ನ್ ನಡೆಯುವಾಗಲೂ ಪ್ರೀಹೀಟರ್ ಸೈಕ್ಲೋನ್‌ನಲ್ಲಿ ಕಟ್ಟಿಕೊಂಡ ಬಿಸಿ ಪುಡಿಯನ್ನು ಬಿಡಿಸುವ ಕೆಲಸ ಅಪಾಯಕಾರಿ. ಎಷ್ಟು ಬಿಡಿಸಲಾಗಿದೆ, ಯಾವ ಬಾಗಿಲು ತೆರೆದಿದೆ ಎಂಬುದನ್ನು ತಿಳಿಯದೆ ಮುಂದುವರಿಸಿದರೆ ಸುಟ್ಟಗಾಯಗಳಾಗುತ್ತವೆ.

ಭಾಷೆ: ಈ ಭಾಗದಲ್ಲಿ ಕನ್ನಡದೊಂದಿಗೆ ದಖ್ಖನಿ ಉರ್ದು, ತೆಲುಗು ಮತ್ತು ಮರಾಠಿ ಬಳಕೆಯಲ್ಲಿವೆ. ಹೊರರಾಜ್ಯದ ಕಾರ್ಮಿಕರು ಹಿಂದಿ ಮಾತನಾಡುತ್ತಾರೆ. ಯಂತ್ರಗಳ ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಒಂದು ಭಾಷೆಯಲ್ಲಿ ಹೇಳಿದ್ದು ಇನ್ನೊಂದರಲ್ಲಿ ಬರೆಯಲ್ಪಟ್ಟು ಮೂರನೆಯದರಲ್ಲಿ ಅರ್ಥವಾಗುವಾಗ ಮಾಹಿತಿ ಸವೆಯುವ ಸಾಧ್ಯತೆ ಹೆಚ್ಚು. ಯಂತ್ರದ ಸಂಖ್ಯೆ, ಬಣ್ಣದ ಗುರುತು ಮತ್ತು ಚಿತ್ರಗಳು ಇಲ್ಲಿ ವಾಕ್ಯಗಳಿಗಿಂತ ಹೆಚ್ಚು ಉಪಯುಕ್ತ.

ರೈಲ್ವೆ: ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ 1874ರಲ್ಲಿ ಆರಂಭವಾಯಿತು. ಅಂದಿನಿಂದ ವಾಡಿ ಪ್ರಮುಖ ಜಂಕ್ಷನ್. ಭಾರತೀಯ ರೈಲ್ವೆಯಲ್ಲಿ ಸಿಗ್ನಲ್ ದುರಸ್ತಿಗೆ ಮೊದಲು ಸಿಬ್ಬಂದಿ ಸ್ಟೇಷನ್ ಮಾಸ್ಟರಿಗೆ ಸಂಪರ್ಕ ಕಡಿತದ ಮೆಮೊ ಕೊಡಬೇಕು. ಕೆಲಸ ಮುಗಿದು ಪರೀಕ್ಷೆಯಾದ ಮೇಲೆ ಮರುಜೋಡಣೆಯ ಮೆಮೊ ಕೊಡಬೇಕು. ದೂರವಾಣಿಯಲ್ಲಿ ನೀಡುವ ಮಹತ್ವದ ಸಂದೇಶಗಳನ್ನು 'ಪ್ರೈವೇಟ್ ನಂಬರ್' ವಿನಿಮಯದಿಂದ ದೃಢಪಡಿಸಲಾಗುತ್ತದೆ. ಮಾತನ್ನೇ ನಂಬಿ ಕೂರಬಾರದು ಎಂಬ ತತ್ವ ಈ ಎರಡೂ ಪದ್ಧತಿಗಳ ಹಿಂದಿದೆ.

ಸುರಕ್ಷಿತ ಹಸ್ತಾಂತರದ ಕ್ರಮಗಳು

• ಇಬ್ಬರೂ ಎದುರುಬದುರು ಕೂತು ಮಾತನಾಡಲು ಪಾಳಿಗಳ ನಡುವೆ ಸಮಯ ಮೀಸಲಿಡುವುದು. ಆ ಸಮಯವನ್ನು ಸಂಬಳದ ಕೆಲಸವೆಂದೇ ಎಣಿಸುವುದು.
• ಪ್ರತಿ ಹೆಜ್ಜೆಯನ್ನು ಮಾಡಿದ ಕೂಡಲೇ ದಾಖಲಿಸುವುದು, ಪಾಳಿಯ ಕೊನೆಗೆ ಬಿಡದಿರುವುದು.
• ಮುಗಿದದ್ದಕ್ಕಿಂತ ಮುಗಿಯದ್ದನ್ನು ಮೊದಲು ಹೇಳುವುದು.
• ಕೇಳಿದವನು ತನ್ನ ಮಾತಿನಲ್ಲಿ ಮರಳಿ ಹೇಳುವುದು.
• ಇಬ್ಬರೂ ಜೊತೆಯಾಗಿ ಯಂತ್ರದ ಬಳಿ ಹೋಗಿ ನೋಡುವುದು.
• ವಿದ್ಯುತ್ ಕಡಿತಕ್ಕೆ ಹಾಕಿದ ಬೀಗವನ್ನು ಹೋಗುವವನು ತೆಗೆಯುವ ಮೊದಲು ಬರುವವನು ತನ್ನ ಬೀಗ ಹಾಕುವುದು.

ಕಾನೂನು ಮತ್ತು ನಿಯಮಗಳು

ಭಾರತದಲ್ಲಿ ವಿಮಾನ ನಿರ್ವಹಣಾ ಸಂಸ್ಥೆಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸಿಎಆರ್-145 ಅನ್ವಯಿಸುತ್ತದೆ. ಪಾಳಿ ಅಥವಾ ಸಿಬ್ಬಂದಿ ಬದಲಾದಾಗ ಅಗತ್ಯ ಮಾಹಿತಿಯನ್ನು ಸಮರ್ಪಕವಾಗಿ ತಿಳಿಸಬೇಕೆಂದು ಅದು ವಿಧಿಸುತ್ತದೆ. ಕಾರ್ಖಾನೆಗಳ ವಿಷಯದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆಗಳ ಮಿತಿಯನ್ನು ಹಾಕಿತ್ತು. ವಾರದ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗಿನ ಕೆಲಸಕ್ಕೆ ಅವಕಾಶ ನೀಡುವ ತಿದ್ದುಪಡಿಯನ್ನು ಕರ್ನಾಟಕ ವಿಧಾನಮಂಡಲ 2023ರಲ್ಲಿ ಅಂಗೀಕರಿಸಿತು.

ಚರ್ಚೆ

ಪಾಳಿಯ ಉದ್ದದ ಬಗ್ಗೆ ಒಮ್ಮತವಿಲ್ಲ. 12 ಗಂಟೆಗಳ ಪಾಳಿಯಲ್ಲಿ ದಿನಕ್ಕೆ ಎರಡೇ ಹಸ್ತಾಂತರ ಸಾಕು, ಮಾಹಿತಿ ಕೈಬದಲಾಗುವ ಸಂದರ್ಭಗಳು ಕಡಿಮೆ. ಆದರೆ ಕೊನೆಯ ಗಂಟೆಗಳಲ್ಲಿ ದಣಿವು ಹೆಚ್ಚಿ, ಹಸ್ತಾಂತರ ನಡೆಯುವ ಹೊತ್ತಿಗೇ ಎಚ್ಚರ ಕುಸಿದಿರುತ್ತದೆ. ನಮೂನೆಗಳು ಹೆಚ್ಚಾದಷ್ಟೂ ಅವುಗಳನ್ನು ಓದದೆ ಸಹಿ ಹಾಕುವ ರೂಢಿ ಬೆಳೆಯುತ್ತದೆ ಎಂಬ ಟೀಕೆಯೂ ಇದೆ. ಅಪಘಾತದ ನಂತರ ಕೊನೆಯದಾಗಿ ಯಂತ್ರ ಮುಟ್ಟಿದವನನ್ನಷ್ಟೇ ಶಿಕ್ಷಿಸಿದರೆ ಉಳಿದವರು ಅರ್ಧಕ್ಕೆ ನಿಂತ ಕೆಲಸವನ್ನು ಮುಚ್ಚಿಡಲು ಕಲಿಯುತ್ತಾರೆ. 'ಇದು ಮುಗಿದಿಲ್ಲ' ಎಂದು ಹೆದರಿಕೆಯಿಲ್ಲದೆ ಹೇಳಬಹುದಾದ ಕಡೆ ಮಾತ್ರ ಹಸ್ತಾಂತರದ ದಾಖಲೆ ನಂಬಲರ್ಹವಾಗಿರುತ್ತದೆ.

ಇವನ್ನೂ ನೋಡಿ

• ವಿಮಾನ ನಿರ್ವಹಣೆ
• ಔದ್ಯೋಗಿಕ ಸುರಕ್ಷತೆ
• ಸಿಮೆಂಟ್
• ವಾಡಿ ಜಂಕ್ಷನ್ ರೈಲು ನಿಲ್ದಾಣ
• ಕಲಬುರಗಿ ಜಿಲ್ಲೆ