‘ಹಾಡುವೆನು’ ಎಂಬುದರೊಳಗಿನ ಎರಡನೆಯ ಕ್ರಿಯಾಪದ

ಮೊಮ್ಮಗಳು ಪಿಯುಸಿಯಲ್ಲಿ ಫ್ರೆಂಚ್ ಭಾಷೆಯನ್ನು ಆರಿಸಿಕೊಂಡ ಮೇಲೆ ಅವಳ ಕ್ರಿಯಾಪದಗಳ ಪಟ್ಟಿಯನ್ನು ನಾನೂ ಓದತೊಡಗಿದೆ. ಪಟ್ಟಿಯನ್ನು ಉರು ಹೊಡೆದರೆ ಅಂಕಗಳೇನೋ ಬರುತ್ತವೆ. ಆದರೆ ಅದರ ಹಿಂದಿರುವ ಒಂದು ಸೊಗಸಾದ ಚರಿತ್ರೆ ಕೈತಪ್ಪುತ್ತದೆ.

ಫ್ರೆಂಚಿನಲ್ಲಿ ‘ಶಾಂತೆ’ ಎಂದರೆ ಹಾಡುವುದು, ‘ಶಾಂತರೆ’ ಎಂದರೆ ಹಾಡುವೆನು. ಉಚ್ಚಾರಣೆಯಲ್ಲಿ ಇದು ಶಾಂ-ತ-ರೆ ಎಂದು ಒಡೆಯುತ್ತದೆ. ಅರ್ಥದ ದೃಷ್ಟಿಯಿಂದ ಬಿಡಿಸಿದರೆ ಲೆಕ್ಕವೇ ಬೇರೆ. ಕೊನೆಯ ‘ರೆ’ಯಲ್ಲಿರುವ ರಕಾರವು ‘ಹಾಡುವುದು’ ಎಂಬ ಪದಕ್ಕೆ ಸೇರಿದ್ದು. ಅದರ ಸ್ವರವು ‘ನನಗಿದೆ’ ಎಂಬರ್ಥದ ಇನ್ನೊಂದು ಕ್ರಿಯಾಪದದ್ದು! ನನ್ನ ಹಳೆಯ ವಿದ್ಯಾರ್ಥಿಗಳು ‘ಬಂದಿದ್ದೇನೆ’ ಎಂಬುದನ್ನು ನೆನೆಯಲಿ. ಬಂದು + ಇದ್ದೇನೆ ಎಂದು ಬಿಡಿಸಿ ಲೋಪಸಂಧಿ ಎಂದು ಬರೆಯುತ್ತಿದ್ದಿರಲ್ಲವೆ? ಅಲ್ಲಿಯೂ ‘ದಿ’ ಎಂಬ ಒಂದೇ ಅಕ್ಷರದಲ್ಲಿ ಎರಡು ಪದಗಳು ಕೂಡಿಕೊಂಡಿವೆ.

ಈ ಬೆಸುಗೆಗೆ ಕಾರಣವೇನು? ಫ್ರೆಂಚಿನ ತಾಯಿಯಾದ ಲ್ಯಾಟಿನ್ನಿನಲ್ಲಿ ‘ಕಂತಾಬಿತ್’ ಎಂದರೆ ಹಾಡುವನು, ‘ಕಂತಾವಿತ್’ ಎಂದರೆ ಹಾಡಿದನು. ಕಾಲಕ್ರಮೇಣ ಸ್ವರಗಳ ನಡುವಿನ ಬಕಾರ ಸಡಿಲಗೊಂಡು ವಕಾರದೊಡನೆ ಬೆರೆಯಿತು. (ತಮಿಳಿನ ‘ವಾ’ ನಮ್ಮಲ್ಲಿ ‘ಬಾ’ ಆಗಿರುವುದರಿಂದ ಈ ನಂಟು ನಮಗೆ ಅಪರಿಚಿತವಲ್ಲ.) ಹಾಡಿದನೋ ಹಾಡುವನೋ ಎಂದು ಕಿವಿಗೆ ತಿಳಿಯದಂತಾದರೆ ವ್ಯವಹಾರ ನಡೆಯುವುದು ಹೇಗೆ? ಜನಸಾಮಾನ್ಯರು ಬೇರೊಂದು ದಾರಿ ಹಿಡಿದರು: ‘ಕಂತಾರೆ ಹಾಬೆಯೊ’, ಅಂದರೆ ‘ನನಗೆ ಹಾಡುವುದಿದೆ’. ನಾವೂ ‘ನಾಳೆ ಊರಿಗೆ ಹೋಗುವುದಿದೆ’ ಎನ್ನುವುದಿಲ್ಲವೆ? ಆ ಎರಡು ಪದಗಳು ಸವೆದು ಬೆಸೆದು ಒಂದಾದವು.

ಈ ಬೆಸುಗೆಯ ಪುರಾತನ ಸಾಕ್ಷಿಯೊಂದು 7ನೆಯ ಶತಮಾನದ, ಫ್ರೆಡೆಗಾರನ ಹೆಸರಿನಲ್ಲಿರುವ ಚರಿತ್ರೆಯಲ್ಲಿದೆ. ಸೆರೆಸಿಕ್ಕ ಪರ್ಷಿಯದ ದೊರೆಯನ್ನು ಚಕ್ರವರ್ತಿ ಜಸ್ಟಿನಿಯನ್ ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಕಸಿದುಕೊಂಡ ಪ್ರಾಂತಗಳನ್ನು ಹಿಂದಿರುಗಿಸೆಂದು ಕೇಳುತ್ತಾನೆ. ದೊರೆ ಹಳೆಯ ವ್ಯಾಕರಣದಂತೆ ‘ಕೊಡೆನು’ ಎನ್ನುತ್ತಾನೆ. ಚಕ್ರವರ್ತಿಯ ಉತ್ತರ ಹೊಸ ರೂಪದಲ್ಲಿ: ‘ದಾರಾಸ್’, ಕೊಡುವೆ! ಅದರಿಂದಲೇ ಗಡಿಯ ಊರಿಗೆ ದಾರಾ ಎಂಬ ಹೆಸರು ಬಂದಿತೆಂದು ಕಥೆ. ಊರಿನ ಹೆಸರಿನ ಬಗ್ಗೆ ಇದು ಕಟ್ಟುಕಥೆಯೇ ಸರಿ. ಜಸ್ಟಿನಿಯನ್ ಪಟ್ಟಕ್ಕೆ ಬಂದದ್ದು 527ರಲ್ಲಿ, ಊರಿನ ಕೋಟೆ ಅದಕ್ಕೂ ಹಿಂದಿನದು. ಭಾಷೆಯ ಬಗ್ಗೆ ಮಾತ್ರ ಕಥೆಗಾರ ತನಗರಿವಿಲ್ಲದೆಯೇ ನಿಜ ನುಡಿದುಬಿಟ್ಟಿದ್ದಾನೆ.

842ರಲ್ಲಿ, ನಮ್ಮಲ್ಲಿ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಸ್ಟ್ರಾಸ್‌ಬೂರ್ಗಿನಲ್ಲಿ ಲೂಯಿ ಮತ್ತು ಚಾರ್ಲ್ಸ್ ಎಂಬ ಸೋದರರು ಪರಸ್ಪರ ನೆರವಿನ ಪ್ರತಿಜ್ಞೆ ಮಾಡಿದರು. ತಮ್ಮನ ಸೈನಿಕರಿಗೆ ತಿಳಿಯಲೆಂದು ಲೂಯಿ ಅವರ ನುಡಿಯಲ್ಲೇ ಆಡಿದ ಮಾತುಗಳಲ್ಲಿ ‘ಸಾಲ್ವರಾಯ್’, ಅಂದರೆ ‘ಕಾಪಾಡುವೆನು’, ಎಂಬ ರೂಪವಿದೆ. ಆ ವೇಳೆಗೆ ಬೆಸುಗೆ ಗಟ್ಟಿಯಾಗಿತ್ತು.

ಫ್ರೆಂಚಿನ ಈ ಬೆಸುಗೆಯನ್ನು ಈಗ ಬಿಚ್ಚಲಾಗದು. ಸೋದರಭಾಷೆಯಾದ ಪೋರ್ಚುಗೀಸಿನ ಶಿಷ್ಟ ಬರವಣಿಗೆಯಲ್ಲಿ ಮಾತ್ರ ಇಂದಿಗೂ ಸಂದು ಉಳಿದಿದೆ. ‘ನಿನಗೆ ಕೊಡುವೆನು’ ಎನ್ನಲು ‘ದಾರ್-ತೆ-ಎಯ್’ ಎಂದು ಬರೆಯುತ್ತಾರೆ. ‘ನಿನಗೆ’ ಎಂಬುದು ಎರಡು ತುಂಡುಗಳ ನಡುವೆ ನುಸುಳಿ ಕುಳಿತಿರುತ್ತದೆ.