ದೇಶ ದೇಶಗಳ ನಡುವೆ ಜೀವನವೆಚ್ಚದ ಹೋಲಿಕೆ

ಒಂದು ದೇಶದಲ್ಲಿ ಸಂಸಾರ ತೂಗಿಸಲು ತಗಲುವ ಖರ್ಚು, ಅದೇ ಮಟ್ಟದ ಬದುಕಿಗೆ ಇನ್ನೊಂದು ದೇಶದಲ್ಲಿ ಎಷ್ಟಾದೀತು ಎಂದು ಲೆಕ್ಕ ಹಾಕುವ ಪದ್ಧತಿ. ಬ್ಯಾಂಕಿನ ವಿನಿಮಯ ದರದಿಂದ ಗುಣಿಸಿಬಿಟ್ಟರೆ ಉತ್ತರ ಸಿಗುವುದಿಲ್ಲ. ಆ ದರವನ್ನು ನಿರ್ಧರಿಸುವುದು ಗಡಿ ದಾಟುವ ಸರಕು ಮತ್ತು ಬಂಡವಾಳ; ಮನೆ ಬಾಡಿಗೆ, ಕ್ಷೌರ, ಬಸ್ ಚಾರ್ಜು ಗಡಿ ದಾಟುವುದಿಲ್ಲ. ಹಾಗಾಗಿ ಸಾಮಾನುಗಳ ಪಟ್ಟಿಯೊಂದನ್ನು ಮಾಡಿ ಎರಡೂ ಕಡೆಯ ಬೆಲೆ ಹಾಕಿ ನೋಡಬೇಕಾಗುತ್ತದೆ. ಆ ಪಟ್ಟಿ ಯಾರ ಮನೆಯದಾಗಿರಬೇಕು ಎಂಬ ತಕರಾರು ಈ ವಿಷಯದ ಇತಿಹಾಸದುದ್ದಕ್ಕೂ ಬರುತ್ತದೆ.

17ನೇ ಶತಮಾನದ ಕೊನೆಗೆ ವಿಲಿಯಂ ಪೆಟ್ಟಿ, ಗ್ರೆಗರಿ ಕಿಂಗ್ ಮೊದಲಾದವರು ಇಂಗ್ಲೆಂಡ್, ಫ್ರಾನ್ಸ್, ಹಾಲೆಂಡ್‌ಗಳನ್ನು ಹೋಲಿಸಿದ್ದುಂಟು. ಅವರ ಕಣ್ಣು ಇದ್ದುದು ರಾಜ್ಯಗಳ ಸಂಪತ್ತಿನ ಮೇಲೆ, ಅಡುಗೆಮನೆಯ ಮೇಲಲ್ಲ. ಅಡುಗೆಮನೆಗೆ ಮೊದಲು ಕಾಲಿಟ್ಟಿದ್ದು ಬ್ರಿಟನ್ನಿನ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್, ಅದೂ ರಾಜಕೀಯದ ಬಿಸಿಯಲ್ಲಿ. 1903ರಲ್ಲಿ ಜೋಸೆಫ್ ಚೇಂಬರ್ಲೇನ್ ಆಮದಿನ ಮೇಲೆ ಸುಂಕ ಹಾಕಬೇಕೆಂದು ಎದ್ದು ನಿಂತಾಗ, ಸುಂಕದ ಗೋಡೆ ಕಟ್ಟಿಕೊಂಡ ಜರ್ಮನಿಯ ಕಾರ್ಮಿಕ ಸುಖವಾಗಿದ್ದಾನೋ ಇಂಗ್ಲೆಂಡಿನವನೋ ಎಂಬ ಪ್ರಶ್ನೆ ಚುನಾವಣೆಯ ಸಾಮಗ್ರಿಯಾಯಿತು. 1908ರಿಂದ 1911ರ ನಡುವೆ ಬೋರ್ಡು ಬ್ರಿಟನ್, ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ಅಮೆರಿಕಗಳ ಬಗ್ಗೆ ಒಂದೊಂದೇ ವರದಿ ಹೊರತಂದಿತು. ಅಮೆರಿಕದ ಅಂಕಿಗಳು ಇಂದಿಗೂ ಕುತೂಹಲದವು: ಇಂಗ್ಲೆಂಡನ್ನು 100 ಎಂದಿಟ್ಟರೆ ಅಲ್ಲಿ ಕೂಲಿ 230, ಆಹಾರ 138, ಬಾಡಿಗೆ 207. ಜರ್ಮನಿಯಲ್ಲಿ ಮಾತ್ರ ಕೂಲಿ ಕಡಿಮೆ, ಖರ್ಚು ಜಾಸ್ತಿ ಎಂಬ ಉತ್ತರ ಬಂತು. ಆದರೆ ತೂಕಕ್ಕಿಟ್ಟ ಪಟ್ಟಿ ಗೋಧಿ ಬ್ರೆಡ್ ತಿನ್ನುವ ಇಂಗ್ಲಿಷ್ ಮನೆಯದು. ಜರ್ಮನ್ ಕಾರ್ಮಿಕನ ಊಟದಲ್ಲಿ ದೊಡ್ಡ ಪಾಲು ರೈ ಬ್ರೆಡ್ಡಿನದು.

ಮುಂದಿನ ದೊಡ್ಡ ಪ್ರಯೋಗ ಫೋರ್ಡ್ ಕಾರು ಕಂಪನಿಯಿಂದ ಬಂತು. ಡೆಟ್ರಾಯಿಟ್‌ನ ತನ್ನ ಕಾರ್ಮಿಕನಿಗೆ ದಿನಕ್ಕೆ 7 ಡಾಲರ್ ಕೊಟ್ಟು ನಡೆಸುವ ಬದುಕನ್ನೇ ಯೂರೋಪಿನ ಕಾರ್ಖಾನೆಗಳಲ್ಲೂ ಕೊಡಬೇಕಾದರೆ ಅಲ್ಲಿ ಎಷ್ಟು ಕೂಲಿ ನಿಗದಿ ಮಾಡಬೇಕು ಎಂದು ಕಂಪನಿ 1929ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯನ್ನು ಕೇಳಿತು. ಯೂರೋಪಿನ ಮಾಲೀಕರಿಗೆ ಇದು ಹಿಡಿಸಲಿಲ್ಲ. ಅಮೆರಿಕದ ಕೂಲಿಯ ಮಾತು ತಮ್ಮ ಕಾರ್ಮಿಕರ ಕಿವಿಗೆ ಬಿದ್ದರೆ ಏನಾದೀತೆಂಬ ದಿಗಿಲು ಅವರದು. ಕೊನೆಗೆ ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ 25,000 ಡಾಲರ್ ಒದಗಿಸಿದ ಮೇಲೆ ಕೆಲಸ ಸಾಗಿತು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಡೆಟ್ರಾಯಿಟ್‌ನಲ್ಲಿ ಇಂಥ ನೂರು ಕುಟುಂಬಗಳ ಮನೆ ಹೊಕ್ಕು ವರ್ಷದ ಖರ್ಚು ಬರೆದುಕೊಂಡಿತು. ಸರಾಸರಿ ಆದಾಯ 1,700 ಡಾಲರಿನ ಆಸುಪಾಸು, ಖರ್ಚು ಅದಕ್ಕಿಂತ ತುಸು ಹೆಚ್ಚೇ. ಹತ್ತಿರ ಹತ್ತಿರ ಅರ್ಧದಷ್ಟು ಮನೆಗಳಲ್ಲಿ ಕಾರಿತ್ತು.

ಈ ಪಟ್ಟಿ ಹಿಡಿದು ಮ್ಯಾಂಚೆಸ್ಟರ್, ಬರ್ಲಿನ್, ಬಾರ್ಸಿಲೋನಾ, ಇಸ್ತಾಂಬುಲ್‌ನಂಥ ಊರುಗಳಿಗೆ ಹೋದವರಿಗೆ ತೊಡಕು ಎದುರಾಯಿತು. ಡೆಟ್ರಾಯಿಟ್‌ನ ಕಾರ್ಮಿಕನ ಮನೆಗೆ ಸರಿಸಾಟಿಯಾದದ್ದು ಅಲ್ಲಿ ಕಾರ್ಮಿಕರ ಕೇರಿಯಲ್ಲಿ ಇರಲೇ ಇಲ್ಲ. ಅದು ಮಧ್ಯಮ ವರ್ಗದವರ ಬಡಾವಣೆಯಲ್ಲಿತ್ತು, ಬಾಡಿಗೆಯೂ ಆ ಮಟ್ಟದ್ದೇ. ಇಷ್ಟು ಸಾಲದೆಂಬಂತೆ 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಪೌಂಡಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿದ್ದ ಚಿನ್ನದ ಪ್ರಮಾಣವನ್ನು ಬಿಟ್ಟಿತು, ಪೌಂಡು ಕುಸಿಯಿತು. 1932ರಲ್ಲಿ ವರದಿ ಅಚ್ಚಾಗುವಷ್ಟರಲ್ಲಿ ಹಿಂದಿನ ವಿನಿಮಯ ದರಗಳು ಹಳಸಿಹೋಗಿದ್ದವು. ಕೂಲಿ ನಿಗದಿಗೆ ಅದು ಎಷ್ಟು ಉಪಯೋಗಕ್ಕೆ ಬಂತೋ, ವಿಧಾನದ ಕಷ್ಟಗಳನ್ನು ಬಿಡಿಸಿಟ್ಟದ್ದರಲ್ಲಿ ಮಾತ್ರ ಅದಕ್ಕೆ ಸಮನಾದ ವರದಿಗಳು ಕಡಿಮೆ.

ಸಿದ್ಧಾಂತದ ಕೆಲಸ ಶುರುವಾದದ್ದು ಇದಕ್ಕೂ ತುಸು ಮೊದಲು. ಎರಡು ನಾಣ್ಯಗಳ ಯೋಗ್ಯ ದರವನ್ನು ಅವು ತಂತಮ್ಮ ದೇಶದಲ್ಲಿ ಕೊಳ್ಳುವ ಸರಕಿನಿಂದ ಅಳೆಯಬೇಕೆಂದು ಸ್ವೀಡನ್ನಿನ ಗುಸ್ತಾವ್ ಕ್ಯಾಸೆಲ್ ಮೊದಲ ಮಹಾಯುದ್ಧದ ದಿನಗಳಲ್ಲಿ ವಾದಿಸಿದ. ಕೊಳ್ಳುವ ಶಕ್ತಿಯ ಸಮತೆ ಎಂಬ ಹೆಸರು ಅವನಿಂದಲೇ ಬಂತು. ವಾಸ್ತವದ ದರ ಏಕೆ ಅದರಿಂದ ದೂರ ನಿಲ್ಲುತ್ತದೆಂಬುದಕ್ಕೆ 1964ರಲ್ಲಿ ಬೇಲಾ ಬಲಾಸಾ, ಪಾಲ್ ಸ್ಯಾಮುಯೆಲ್ಸನ್ ಬೇರೆ ಬೇರೆಯಾಗಿ ಕಾರಣ ಕೊಟ್ಟರು. ಶ್ರೀಮಂತ ದೇಶದ ಕಾರ್ಖಾನೆಯಲ್ಲಿ ಉತ್ಪಾದಕತೆ ಹೆಚ್ಚು, ಕೂಲಿಯೂ ಹೆಚ್ಚು. ಆ ಕೂಲಿಯೇ ಕ್ಷೌರಿಕನ ಕೂಲಿಯನ್ನೂ ಮೇಲೆಳೆಯುತ್ತದೆ, ಅವನು ಹಾಕುವ ಕತ್ತರಿಯ ವೇಗ ಬೆಂಗಳೂರಿನವನಷ್ಟೇ ಇದ್ದರೂ.

ಜಗತ್ತಿಗೆಲ್ಲ ಅನ್ವಯಿಸುವ ಲೆಕ್ಕ ಶುರುವಾದದ್ದು 1968ರಲ್ಲಿ, ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿ ಹಮ್ಮಿಕೊಂಡ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದಿಂದ. ಇರ್ವಿಂಗ್ ಕ್ರಾವಿಸ್, ಅಲನ್ ಹೆಸ್ಟನ್, ರಾಬರ್ಟ್ ಸಮ್ಮರ್ಸ್ ಅದರ ಸಾರಥಿಗಳು. 1970ರ ಬೆಲೆಗಳ ಮೊದಲ ಸುತ್ತಿನಲ್ಲಿ ಇದ್ದ 10 ದೇಶಗಳಲ್ಲಿ ಭಾರತವೂ ಒಂದು. ವಿನಿಮಯ ದರ ತೋರಿಸುತ್ತಿದ್ದ ತಲಾ ಆದಾಯದ ಸುಮಾರು ಮೂರು ಪಟ್ಟು ಭಾರತದ ನಿಜವಾದ ಆದಾಯವೆಂದು ಆಗ ತಿಳಿಯಿತು. ಬೆಲೆ ಸಂಗ್ರಹದಲ್ಲಿ ಅಕ್ಕಿ ಎಂದು ಬರೆದರೆ ಸಾಲದು. ಉದ್ದ ಕಾಳೋ ಗುಂಡು ಕಾಳೋ, ನುಚ್ಚಿನ ಪ್ರಮಾಣ ಎಷ್ಟು, ಪೊಟ್ಟಣದ್ದೋ ಬಿಡಿಯೋ ಎಂಬುದೆಲ್ಲ ನಮೂದಾಗಬೇಕು. ಇಷ್ಟು ಬಿಗಿ ಮಾಡಿದಷ್ಟೂ ಎರಡೂ ಕಡೆ ಸಿಗುವ ಸಾಮಾನು ಕಡಿಮೆಯಾಗುತ್ತ ಹೋಗುತ್ತದೆ, ಸಡಿಲಿಸಿದರೆ ಗುಣಮಟ್ಟ ಬೆರಕೆಯಾಗುತ್ತದೆ. ಮಂಡ್ಯದಿಂದ ನ್ಯೂಜೆರ್ಸಿಗೆ ಹೋಗಿ ರಾಗಿಹಿಟ್ಟು, ನುಗ್ಗೆಕಾಯಿ ಹುಡುಕುವ ಸಂಸಾರಕ್ಕೆ ಅಮೆರಿಕ ದುಬಾರಿ. ಅಲ್ಲಿಂದ ಬಂದು ಬೆಂಗಳೂರಿನಲ್ಲಿ ಬ್ಲೂಬೆರಿ, ಚೀಸ್ ಹುಡುಕುವವರಿಗೆ ಬೆಂಗಳೂರೂ ಅಗ್ಗವಲ್ಲ.

ಲೆಕ್ಕದ ಪೆಟ್ಟು ಎಷ್ಟು ದೊಡ್ಡದಾಗಬಲ್ಲುದೆಂದು 2005ರ ಸುತ್ತು ತೋರಿಸಿತು. 146 ದೇಶ–ಪ್ರದೇಶಗಳು ಸೇರಿದ್ದ ಈ ಸುತ್ತಿಗೆ ಚೀನಾ ಮೊದಲ ಸಲ ಬಂತು, ಭಾರತ 1985ರ ಬಳಿಕ ಮರಳಿತು. ಫಲಿತಾಂಶ ಬಂದಾಗ ಎರಡೂ ದೇಶಗಳ ಅರ್ಥವ್ಯವಸ್ಥೆ ಹಿಂದಿನ ಅಂದಾಜಿಗಿಂತ ಸುಮಾರು 40% ಚಿಕ್ಕದೆಂದು ಕಂಡಿತು. ನೆಲದ ಮೇಲೆ ಏನೂ ಬದಲಾಗಿರಲಿಲ್ಲ, ಬದಲಾದದ್ದು ಬೆಲೆಪಟ್ಟಿ ಮಾತ್ರ. ಚೀನಾದಲ್ಲಿ ಬೆಲೆ ಸಂಗ್ರಹಿಸಿದ್ದು 11 ನಗರಗಳಲ್ಲಿ ಮತ್ತು ಅವುಗಳ ಸುತ್ತಮುತ್ತ. ಹಳ್ಳಿಯ ಅಗ್ಗದ ಬೆಲೆ ಲೆಕ್ಕಕ್ಕೆ ಬರಲಿಲ್ಲ ಎಂಬ ಟೀಕೆ ನ್ಯಾಯವಾದದ್ದೇ. 2017ರ ಸುತ್ತಿನಲ್ಲಿ ಒಂದು ಡಾಲರಿಗೆ ಸಮನಾದ ಕೊಳ್ಳುವ ಶಕ್ತಿ 20.65 ರೂಪಾಯಿ ಎಂದು ಬಂತು. ಆ ವರ್ಷದ ವಿನಿಮಯ ದರ 65.12. ವಿಶ್ವಬ್ಯಾಂಕಿನ ಬಡತನ ರೇಖೆಯೂ ಇದೇ ಅಂಕಿಗಳ ಮೇಲೆ ನಿಂತಿದೆ: 1990ರಲ್ಲಿ ದಿನಕ್ಕೆ 1 ಡಾಲರ್, 2008ರಲ್ಲಿ 1.25, 2015ರಲ್ಲಿ 1.90, 2022ರಲ್ಲಿ 2.15, 2025ರಲ್ಲಿ 3.

ಪತ್ರಿಕೆಗಳಲ್ಲಿ ವರ್ಷವರ್ಷ ಬರುವ ದುಬಾರಿ ನಗರಗಳ ಪಟ್ಟಿ ಬೇರೆಯೇ ಜಾತಿಯದು. ‘ದಿ ಎಕನಾಮಿಸ್ಟ್’ ಬಳಗದ ಪಟ್ಟಿ ನ್ಯೂಯಾರ್ಕನ್ನು 100 ಎಂದಿಟ್ಟು, ಹೊರದೇಶಕ್ಕೆ ಕಂಪನಿ ಕಳಿಸುವ ಉದ್ಯೋಗಿಯ ಕಣ್ಣಿನಿಂದ ನೋಡುತ್ತದೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಅದು ಬೆಂಗಳೂರನ್ನು ಜಗತ್ತಿನ ಅತಿ ಅಗ್ಗದ ಹತ್ತು ನಗರಗಳೊಳಗೆ ಇಟ್ಟಿತ್ತು. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸುತ್ತಿದ್ದವರಿಗೆ ಇದು ತಮಾಷೆಯಾಗಿ ಕಂಡಿದ್ದರೆ ತಪ್ಪಿಲ್ಲ. ಅದೇ ಪತ್ರಿಕೆ 1986ರಲ್ಲಿ ಆರಂಭಿಸಿದ ಬಿಗ್ ಮ್ಯಾಕ್ ಸೂಚ್ಯಂಕ ಒಂದೇ ತಿನಿಸಿನ ಬೆಲೆಯಿಂದ ನಾಣ್ಯಗಳನ್ನು ತೂಗುತ್ತದೆ. ದನದ ಮಾಂಸದ ಬರ್ಗರ್ ಮಾರದ ಭಾರತಕ್ಕೆ ಕೋಳಿಯ ಮಹಾರಾಜ ಮ್ಯಾಕ್ ಲೆಕ್ಕಕ್ಕೆ ಬರುತ್ತದೆ.

ಈ ಹೋಲಿಕೆ ನೇರವಾಗಿ ಸಂಬಳದ ಚೀಟಿಗೆ ಇಳಿಯುವುದು ವಿಶ್ವಸಂಸ್ಥೆಯಲ್ಲಿ. ನ್ಯೂಯಾರ್ಕಿನ ಬೆಲೆಯನ್ನು ಆಧಾರವಾಗಿಟ್ಟು ಬೇರೆ ಬೇರೆ ಊರಿನ ಸಿಬ್ಬಂದಿಗೆ ಸ್ಥಳಭತ್ಯೆ ನಿಗದಿಯಾಗುತ್ತದೆ. 2016ರ ಸಮೀಕ್ಷೆಯ ನಂತರ ಜಿನೀವಾದಲ್ಲಿ ಭತ್ಯೆ ಕಡಿತವಾದಾಗ ಸಿಬ್ಬಂದಿ ದಾವೆ ಹೂಡಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನ್ಯಾಯಮಂಡಳಿ 2019ರಲ್ಲಿ ಕಡಿತವನ್ನು ರದ್ದು ಮಾಡಿತು. ವಿಶ್ವಸಂಸ್ಥೆಯ ಮೇಲ್ಮನವಿ ನ್ಯಾಯಮಂಡಳಿ ಮಾತ್ರ 2021ರಲ್ಲಿ ಅದೇ ಕಡಿತವನ್ನು ಎತ್ತಿಹಿಡಿಯಿತು. ಹೀಗಾಗಿ ಒಂದೇ ಊರಿನಲ್ಲಿ, ಒಂದೇ ದರ್ಜೆಯ ನೌಕರರಿಗೆ, ಯಾವ ಮಂಡಳಿಯ ವ್ಯಾಪ್ತಿಗೆ ಬರುತ್ತಾರೆಂಬುದರ ಮೇಲೆ ಎರಡು ಬೇರೆ ಭತ್ಯೆ ಚಾಲ್ತಿಗೆ ಬಂದವು.